ಟ್ರೆಜರಿ ಅಂಗಳದ ಮೆಣಸಿನ ಬಳ್ಳಿ

ತೋಲ್ಪೆಟ್ಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡ್ ಇದ್ದರು. ಪಿಂಚಣಿ ಸರಕಾರದ ಬೊಕ್ಕಸಕ್ಕೆ ಭಾರ ಎಂದು ಪತ್ರಿಕೆಯಲ್ಲಿ ಬಂದರೆ, ತಮ್ಮ ಹೆಸರನ್ನೇ ಹಾಕಿದ್ದಾರೆಂಬಂತೆ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಬದುಕಿದ್ದೇನೆಂದು ತೋರಿಸಲು ವರ್ಷಕ್ಕೊಮ್ಮೆ ಪೇಟೆಯ ಟ್ರೆಜರಿಗೆ ಹೋದಾಗಲೆಲ್ಲ ಕೌಂಟರಿನಲ್ಲಿ ಕೈಮುಗಿದು, "ಈ ಸಲವೂ ಇದ್ದೀನಿ ಸಾರೇ, ಬೇಜಾರು ಮಾಡ್ಬೇಡಿ" ಎನ್ನುತ್ತಿದ್ದರು.

ಒಮ್ಮೆ ನಾನೂ ಜೊತೆಗಿದ್ದೆ. ಕೌಂಟರಿನ ಹುಡುಗಿ ಕೆಲಸಕ್ಕೆ ಹೊಸಬಳು. ಅವಳು ನಕ್ಕು, "ನಿಮಗೆ ಕೊನೆವರೆಗೂ ಖಚಿತ ಚೇಟ್ಟಾ. ನಮ್ಮದು ಹೊಸ ಪದ್ಧತಿ. ಸಂಬಳದಲ್ಲಿ ಹಿಡಿದು ಷೇರುಪೇಟೆಗೆ ಹಾಕ್ತಾರೆ. ಎಷ್ಟು ಸಿಗ್ತದೋ ದೇವರಿಗೇ ಗೊತ್ತು" ಎಂದಳು.

ಆ ದಿನ ಅವರಿಗೆ ಊಟ ಸೇರಲಿಲ್ಲ. ಮರುವಾರ ಕರಿಮೆಣಸಿನ ಬಳ್ಳಿಯೊಂದನ್ನು ಹಿಡಿದು ಮತ್ತೆ ಬಸ್ಸು ಹತ್ತಿದರು.

"ಇದು ನಿಂಗೆ ಮೋಳೇ," ಎಂದು ಮಲಯಾಳದಲ್ಲಿ ಮಗಳೇ ಎಂದು ಕರೆದು ಬಳ್ಳಿಯನ್ನು ಹುಡುಗಿಯ ಕೈಗಿತ್ತರು. "ಷೇರು ಬಿದ್ರೂ ಇದು ಮೇಲೇ ಏರ್ತದೆ."

ಅವಳದು ಮೂರನೇ ಮಹಡಿಯ ಬಾಡಿಗೆ ಮನೆ. ಹಾಗಾಗಿ ಇಬ್ಬರೂ ಸೇರಿ ಬಳ್ಳಿಯನ್ನು ಟ್ರೆಜರಿ ಅಂಗಳದ ಸಿಲ್ವರ್ ಓಕ್ ಬುಡದಲ್ಲೇ ನೆಟ್ಟರು.

ಮೂರನೇ ವರ್ಷ ಬಳ್ಳಿ ಕಾಯಿ ಬಿಟ್ಟಿತು. ಈ ಆದಾಯ ಯಾವ ಲೆಕ್ಕಕ್ಕೆ ಸೇರಬೇಕೆಂದು ಮೇಲಧಿಕಾರಿ ಒಂದು ಫೈಲ್ ತೆರೆದರು. ಹುಡುಗಿ ಅಳುಮೋರೆಯಲ್ಲಿ ಅದನ್ನು ಹೇಳಿದಾಗ, ಆ ಕೌಂಟರಿನ ಮುಂದೆ ಅವರು ಮೊದಲ ಬಾರಿ ಎದೆಯುಬ್ಬಿಸಿ ನಿಂತರು.

"ಫೈಲ್ ಆಯ್ತಲ್ಲ ಮೋಳೇ! ಇನ್ನು ನೀ ರಿಟೈರಾಗೋವರೆಗೂ ಅದನ್ನ ಕಡಿಯೋಕೆ ಯಾರಿಗೂ ಧೈರ್ಯ ಬರೋದಿಲ್ಲ."