ಹಗುರಾಗುತ್ತಿದ್ದ ಪಾರ್ಸೆಲ್ಲು

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂರುವಾಕೆಗೆ ಊರವರು ಇಟ್ಟ ಹೆಸರು ತೂಕದಮ್ಮ. ಬಂದ ಪಾರ್ಸೆಲ್ಲನ್ನು ಮತ್ತೆ ತೂಗಬೇಕೆಂಬ ನಿಯಮವೇನೂ ಇಲ್ಲ. ಆದರೂ ಚೀಲ ಬಿಚ್ಚಿದ ಕೂಡಲೇ ಒಂದೊಂದನ್ನೂ ತಕ್ಕಡಿಗೆ ಏರಿಸಿ, ಕಳಿಸಿದ ಊರಿನವರು ಮೇಲೆ ಬರೆದ ತೂಕಕ್ಕೆ ತಾಳೆ ನೋಡದ ಹೊರತು ಆಕೆಗೆ ಸಮಾಧಾನವಿಲ್ಲ. ಕನ್ನಡಕ, ಔಷಧಿ, ಮಗುವಿನ ಟೋಪಿ, ಹೊಲಿಗೆ ಯಂತ್ರದ ಗಾಲಿ, ಏನೆಲ್ಲ ಬರುತ್ತವೆ! ಕಡಲಾಚೆಯಿಂದಲೋ ಪಕ್ಕದೂರಿನಿಂದಲೋ, ಮುಖ ಪರಿಚಯವಿಲ್ಲದ ಹತ್ತಾರು ಕೈ ದಾಟಿ ಬರುತ್ತವೆ. ಎಲ್ಲೋ ಇರುವ ಒಬ್ಬಾಕೆ ವಿಳಾಸ ಬರೆದು, ಅಂಚೆಯ ಕಿಂಡಿಯೊಳಗೆ ಕೈ ಚಾಚಿ ಕೊಟ್ಟು, ನಿಶ್ಚಿಂತೆಯಿಂದ ಮನೆಗೆ ಹೋಗಿಬಿಡುತ್ತಾಳೆ. ಅವಳ ಆ ನಂಬಿಕೆ ಉಳಿಯಬೇಕಾದರೆ ನಡುವೆ ಒಬ್ಬರಾದರೂ ಯಾರನ್ನೂ ನಂಬದೆ ಕೂತಿರಬೇಕು ಎಂಬುದು ತೂಕದಮ್ಮನ ವಾದ.

ಇಂಥವಳ ನೆಮ್ಮದಿ ಕೆಡಿಸಿದ್ದು ಕ್ಷೌರಿಕನಿಗೆ ಬರುವ ಸಾಬೂನಿನ ಪಾರ್ಸೆಲ್ಲು. ದೂರದೂರಿನಲ್ಲಿ ಯಾರೋ ಹೆಂಗಸು ಮನೆಯಲ್ಲೇ ಸಾಬೂನು ಮಾಡಿ, ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದಳು. ಪ್ರತಿ ಸಲವೂ ಬರೆದ ತೂಕಕ್ಕಿಂತ ಒಂದು ಬಿಲ್ಲೆಯಷ್ಟು ಕಡಿಮೆ. ಅರಗು ಒಡೆದಿಲ್ಲ, ಹೊಲಿಗೆ ಕದಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ತೂಕದಮ್ಮನ ಗುಮಾನಿ ಅದರಿಂದಲೇ ಬಲವಾಯಿತು. ಅರಗು ಒಡೆಯದೆ ಕದಿಯುವವನು ಪಳಗಿದ ಕೈಯವನೇ ಇರಬೇಕು.

ಲಾರಿಯಿಂದ ಚೀಲ ಇಳಿಸಿ ಹೊತ್ತು ತರುವವನು ಅವಳ ಅಕ್ಕನ ಗಂಡ. ಹಿಂದೆ ದರ್ಜಿಯಾಗಿದ್ದ ಅವನಿಗೆ, ಅಂಗಡಿ ಮುಚ್ಚಿದ ಮೇಲೆ ತೂಕದಮ್ಮನೇ ಹೇಳಿ ಈ ಕೆಲಸ ಕೊಡಿಸಿದ್ದಳು. ಹರಿದ ಚೀಲಕ್ಕೆ ಅವನು ಸೂಜಿ ಹಾಕಿದನೆಂದರೆ ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೇಳಲಾಗದು. ಈ ಕೈಚಳಕವನ್ನು ಇಷ್ಟು ದಿನ ಹೊಗಳುತ್ತಿದ್ದವಳು ಈಗ ಅವನ ಬೆರಳುಗಳನ್ನೇ ದಿಟ್ಟಿಸತೊಡಗಿದಳು.

"ಏನು ನಾದಿನಿ, ನನ್ನ ಕೈಯಲ್ಲೇನು ಚಿನ್ನ ಸುರೀತಿದ್ಯಾ?" ಎಂದು ಭಾವ ನಕ್ಕ.

"ಚಿನ್ನ ಅಲ್ಲ ಭಾವ, ಘಮ ಬರ್ತಿದೆ," ಎಂದಳು.

ಅವನ ನಗು ಅರ್ಧಕ್ಕೇ ನಿಂತಂತೆ ಅವಳಿಗೆ ಕಂಡಿತು. ಆ ಸಂಜೆ ಅಕ್ಕನ ಮನೆಯ ಬಚ್ಚಲಿಗೆ ಹೋದವಳು ಬಾಗಿಲಲ್ಲೇ ನಿಂತಳು. ಗೂಡಿನಲ್ಲಿ ಹಸಿರು ಸಾಬೂನಿನ ಬಿಲ್ಲೆ, ಆ ಪಾರ್ಸೆಲ್ಲಿನದೇ ಘಮ. ಎಲ್ಲಿಂದ ಬಂತೆಂದು ಅಕ್ಕನನ್ನು ಕೇಳಲಿಲ್ಲ. ಕೈ ತೊಳೆಯದೆಯೇ ಹೊರಟುಬಂದಳು.

ಶನಿವಾರ ಮುಂದಿನ ಪಾರ್ಸೆಲ್ಲು ಬಂತು. ಮತ್ತೆ ಕಡಿಮೆ. ತೂಕದಮ್ಮ ಪೋಸ್ಟ್ ಮಾಸ್ಟರ ಕೋಣೆಗೆ ಹೋಗಿ, ಕದ ಮುಂದೆ ಮಾಡಿ, ಭಾವನ ಮೇಲೆ ಅನುಮಾನವೆಂದು ಹೇಳಿಬಿಟ್ಟಳು.

ಪೋಸ್ಟ್ ಮಾಸ್ಟರು ಹುಬ್ಬೇರಿಸಿದರು. "ನೀವೇ ತಂದು ಸೇರಿಸಿದವರಲ್ವೇನಮ್ಮ? ಸರಿ, ಸೋಮವಾರ ಕ್ಷೌರಿಕನ ಎದುರೇ ಬಿಚ್ಚಿ ಎಣಿಸೋಣ. ಒಂದು ಬಿಲ್ಲೆ ಕಮ್ಮಿಯಾದ್ರೂ ನಿಮ್ಮ ಭಾವ ಮನೆಗೆ. ಅಲ್ಲೀವರೆಗೂ ಬೀರುವಿನಲ್ಲಿಟ್ಟು ಬೀಗ ಹಾಕಿ."

ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಭಾನುವಾರವಿಡೀ ಅದು ಚುಚ್ಚುತ್ತಲೇ ಇತ್ತು. ಭಾವನ ಕೆಲಸ ಹೋದರೆ ಅಕ್ಕನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಅಕ್ಕ ತನ್ನ ಮುಖ ನೋಡಿಯಾಳೇ? ಆದರೆ ಕೌಂಟರಿಗೆ ಕಳ್ಳತನದ ಮಸಿ ಬಳಿಯುವುದುಂಟೇ?

ಸೋಮವಾರ ಬೀರು ತೆಗೆದು, ಅಭ್ಯಾಸಬಲದಿಂದ ಪಾರ್ಸೆಲ್ಲನ್ನು ತಕ್ಕಡಿಗಿಟ್ಟಳು. ಮುಳ್ಳು ಶನಿವಾರಕ್ಕಿಂತ ಕೆಳಗೆ ನಿಂತಿತು. ಕಣ್ಣುಜ್ಜಿಕೊಂಡು ಮತ್ತೆ ಇಟ್ಟಳು. ಕೆಳಗೇ. ಬೀಗ ಮುರಿದಿಲ್ಲ, ಬೀಗದ ಕೈ ತನ್ನ ಸೊಂಟ ಬಿಟ್ಟಿಲ್ಲ. ಅನುಮಾನಿಸಲು ಈಗ ಉಳಿದವಳು ತಾನೊಬ್ಬಳೇ. ನಿದ್ದೆಗಣ್ಣಲ್ಲಿ ತಾನೇ ಎದ್ದು ಬಂದೆನೋ ಎಂದು ಒಂದು ಗಳಿಗೆ ತನ್ನ ಅಂಗೈಯನ್ನೇ ಮೂಸಿಕೊಂಡಳು. ಬೀರುವಿನೊಳಗೆ ಕೈಯಾಡಿಸಿದರೆ ಪಾರ್ಸೆಲ್ಲಿದ್ದ ಕಡೆ ತಗಡು ಬೆವೆತಿತ್ತು.

ಅಷ್ಟರಲ್ಲಿ ಕ್ಷೌರಿಕ ಬಂದ. ಪೋಸ್ಟ್ ಮಾಸ್ಟರೂ ಬಂದರು. ಭಾವ ಏನೂ ಅರಿಯದೆ ಬಾಗಿಲಲ್ಲಿ ಚೀಲ ಮಡಿಸುತ್ತಿದ್ದ. ಹೊಲಿಗೆ ಬಿಚ್ಚಿ ಎಣಿಸಿದರು. ಕ್ಷೌರಿಕ ತರಿಸಿದ ಲೆಕ್ಕಕ್ಕೆ ಬಿಲ್ಲೆಗಳೆಲ್ಲ ಸರಿಯಾಗಿದ್ದವು.

"ಮತ್ತೆ ತೂಕ?" ತೂಕದಮ್ಮನ ದನಿ ಕೀರಲಾಯಿತು. "ಬೀಗದೊಳಗೇ ಕಮ್ಮಿಯಾಯ್ತಲ್ಲ!"

ಕ್ಷೌರಿಕ ಒಂದು ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಗುರುತು ಬಿತ್ತು. "ಹಸಿ ಸಾಬೂನಮ್ಮ ಇದು. ಆಕೆ ಅಚ್ಚಿನಿಂದ ತೆಗೆದವಳೇ ಕಳಿಸ್ತಾಳೆ. ನೀರಾರಿದಂಗೆ ತೂಕ ಇಳೀತದೆ. ನಾನೂ ಒಂದು ತಿಂಗಳು ಅಟ್ಟದ ಮೇಲೆ ಒಣಗಿಸಿಯೇ ಮುಟ್ಟೋದು. ಕಮ್ಮಿ ಬಂತು ಅಂತ ನಾನೆಂದಾದ್ರೂ ದೂರು ಕೊಟ್ಟಿದ್ದೀನಾ?"

ಕೊಟ್ಟಿರಲಿಲ್ಲ. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

"ಹೋದ ಸಲ ಇವ್ರು ಮೆಟ್ಟಿಲು ಹತ್ತಿ ತಂದುಕೊಟ್ರು ಅಂತ ಒಂದು ಬಿಲ್ಲೆ ಕೊಟ್ಟಿದ್ದೆ," ಎಂದು ಕ್ಷೌರಿಕ ಭಾವನತ್ತ ತಿರುಗಿದ. "ಚೆನ್ನಾಗಿತ್ತಾ?"

ಭಾವ ಮಡಿಸುತ್ತಿದ್ದ ಚೀಲ ಕೆಳಗಿಟ್ಟ. ಎಲ್ಲರ ಮುಖ ನೋಡುತ್ತ ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು. ತೂಕದಮ್ಮ ಸೆರಗು ಹಿಂಡಿಕೊಂಡು ಹೇಳಿದಳು: "ನಾನೇ ಭಾವ. ನಿಮ್ಮ ಹೆಸರು ಹೇಳಿದವಳು ನಾನೇ."

ಅವನು ಬಿಚ್ಚಿದ ಬಟ್ಟೆಯನ್ನು ಎತ್ತಿಕೊಂಡು, ಸೂಜಿ ತೆಗೆದು, ಬಿಲ್ಲೆಗಳನ್ನು ಮತ್ತೆ ಹೊಲಿಯತೊಡಗಿದ. ಕೊನೆಯ ಗಂಟು ಹಾಕಿ ಅವಳ ಮುಂದೆ ಸರಿಸಿದ. "ತೂಗ್ಕೋ. ಆಮೇಲೆ ಹೊರ್ತೀನಿ."

ಅವಳು ತಕ್ಕಡಿ ಮುಟ್ಟಲಿಲ್ಲ. "ಹೊತ್ಕೊಂಡು ಹೋಗಿ," ಎಂದಳು.

ಸಂಜೆ ಅವಳು ಅಕ್ಕನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಮುಂಚೆಯೇ ಮುಟ್ಟಿತ್ತು. ಅಕ್ಕ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. "ಕೈ ತೊಳ್ಕೋ" ಎಂದಳು, ಅಷ್ಟೇ. ಬಚ್ಚಲಲ್ಲಿ ಹಸಿರು ಬಿಲ್ಲೆ ತೆಳ್ಳಗಾಗಿತ್ತು. ತೂಕದಮ್ಮ ಅದನ್ನು ಅಂಗೈಯಲ್ಲಿ ಮೇಲೆ ಕೆಳಗೆ ಮಾಡಿದಳು.

"ಬೇಗ ಸವೆದಿದೆಯಲ್ಲೇ ಅಕ್ಕ," ಎಂಬ ಮಾತು ಬಾಯಿಂದ ಜಾರಿಯೇಬಿಟ್ಟಿತು.

ಬಾಗಿಲಾಚೆಯಿಂದ ಅಕ್ಕನ ದನಿ ಬಂತು: "ಹೌದು. ಈ ಸಲ ಯಾರನ್ನ ಹಿಡಿಸ್ತೀಯ?"