ಕೊಡದ ಮೇಲಿನ ಹೆಸರು

ಕೊಟ್ಟೂರಿನ ಪಾತ್ರೆ ಅಂಗಡಿಯ ಗೋಡೆಗೆ ಒಂದು ಬೋರ್ಡಿದೆ: ‘ನಮ್ಮಲ್ಲಿ ಕೊಂಡ ಪಾತ್ರೆಗೆ ಮಾತ್ರ ಹೆಸರು ಹಾಕಲಾಗುವುದು.’ ಊರಿನವರೆಲ್ಲ ಫೋನಿನಲ್ಲೇ ಪಾತ್ರೆ ತರಿಸತೊಡಗಿದ ಮೇಲೆ ಬರೆಸಿದ್ದು. ಕೊಟ್ಟವರ ಹೆಸರಿಲ್ಲದ ಪಾತ್ರೆಯನ್ನು ನಮ್ಮ ಕಡೆ ಯಾರೂ ಮುಯ್ಯಿ ಎಂದು ಒಪ್ಪುವುದಿಲ್ಲ. ಹೆಸರು ಕೆತ್ತುವ ಮಷೀನು ಇರುವುದು ಅಂಗಡಿಯ ಹಿರಿಯರ ಬಳಿ ಮಾತ್ರ. ಅಂಗಡಿ ಇನ್ನೂ ಬಾಗಿಲು ಹಾಕಿಲ್ಲವೆಂದರೆ ಅದರಿಂದಲೇ.

ಹರಪನಹಳ್ಳಿಯ ಚಿಕ್ಕಮ್ಮನ ಗೃಹಪ್ರವೇಶಕ್ಕೆ ನಾನೂ ಫೋನಿನಲ್ಲೇ ತಾಮ್ರದ ಕೊಡ ತರಿಸಿದ್ದೆ. ಎಂ.ಎ. ಓದುವಾಗ, ಸ್ಥಳೀಯ ವ್ಯಾಪಾರ ಉಳಿಯಬೇಕೆಂದು ಪುಟಗಟ್ಟಲೆ ಬರೆದವಳು ನಾನು. ಅಂಗಡಿಯ ಮೆಟ್ಟಿಲು ಹತ್ತುವಾಗ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ.

"ಕಾಕಾ, ದೀಪಾವಳಿಗಿ ನಿಮ್ಮಲ್ಲೇ ಒಯ್ದಿದ್ದೆ ಇದನ್ನ" ಎಂದೆ.

ಅವರು ಕೊಡವನ್ನು ತಿರುಗಿಸಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟರು.

"ಹೂಂ, ನೆನಪೈತಿ. ಜೊತಿಗಿ ನಿಮ್ಮವ್ವ ಬಂದಿದ್ಲು, ಹಸರ ಸೀರಿ ಉಟ್ಕಂಡು. ಎಷ್ಟು ಚೌಕಾಶಿ ಮಾಡಿದ್ಲು ಯವ್ವಾ, ನನ್ನ ಗಂಟ್ಲ ಆರಿಹೋತು!"

ಮಷೀನು ಕಣಜದ ಹುಳದಂತೆ ಗುಂಯ್‌ಗುಟ್ಟಿತು. ಮನಸ್ಸು ಚುಚ್ಚಿ, ಬೇಡದ ಒಂದು ಸೌಟನ್ನೂ ಕೊಂಡೆ.

ಮನೆ ತಲುಪುವಷ್ಟರಲ್ಲಿ ನನಗೂ ಹಸಿರು ಸೀರೆ ಕಾಣತೊಡಗಿತ್ತು. ಅವ್ವನನ್ನು ಕೇಳಿದರೆ, "ನನಗ ಹಸರ ಸೀರಿ ಎಲ್ಲೈತಿ?" ಎಂದಳು. ಕೊಡ ಪಾರ್ಸೆಲ್ಲಿನಲ್ಲಿ ಬಂದದ್ದನ್ನು ನಾನೇ ಡೈರಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದೆ. ಆದರೂ ಕಾಕಾನ ಖಚಿತ ದನಿಯ ಮುಂದೆ ನನ್ನ ಅಕ್ಷರವೇ ಸುಳ್ಳೆನಿಸಿತು.

ಗೃಹಪ್ರವೇಶದಂದು ಚಿಕ್ಕಮ್ಮ ತುಂಬಿದ ಕೊಡ ಹಿಡಿದು ಹೊಸಿಲು ದಾಟುತ್ತಿದ್ದಂತೆ ತಳ ಸೋರಿ, ಹೊಸ ಸೀರೆ ತೊಯ್ದು ತೊಪ್ಪೆಯಾಯಿತು. ಕೊಡದ ಮೇಲೆ ನನ್ನ ಹೆಸರು ಲಕಲಕ ಹೊಳೆಯುತ್ತಿತ್ತು.

"ಲೇ, ಎಲ್ಲಿ ತಂದಿ ಇದನ್ನ?"

"ಕೊಟ್ಟೂರಿನ ಅಂಗಡ್ಯಾಗ." ನಾಲಿಗೆ ಯೋಚಿಸಲೇ ಇಲ್ಲ.

ಮೂರನೆಯ ದಿನ ಚಿಕ್ಕಮ್ಮ ಬಸ್ಸು ಹತ್ತಿ ಅಂಗಡಿಗೆ ಬಂದು ಕಾಕಾನಿಗೆ ಮಂಗಳಾರತಿ ಎತ್ತಿದಳು. ಅವರು ಬೇರೆ ಕೊಡ ಕೊಟ್ಟು, ಅದರ ಮೇಲೂ ನನ್ನ ಹೆಸರು ಕೆತ್ತಿದರಂತೆ. ಇದನ್ನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಅಂಗಡಿಗೆ ಹೋದೆ.

"ಕಾಕಾ, ಆ ಕೊಡ ನಿಮ್ಮದಲ್ಲ. ಫೋನಿನ್ಯಾಗ ತರಿಸಿದ್ದೆ. ಹೊಸಾದರ ರೊಕ್ಕ ತಗೊಳ್ರಿ."

"ಮೆಲ್ಲಕ ಮಾತಾಡವ್ವಾ." ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತಿದ್ದ ಮೂವರತ್ತ ಕಣ್ಣು ಮಾಡಿದರು. "ಇಷ್ಟು ವರ್ಷ ಪಾತ್ರಿ ಮಾರೀನಿ, ನಂದಲ್ಲದ್ದು ಗೊತ್ತಾಗಂಗಿಲ್ಲೇನು? ನಾ ನೆನಪಿಲ್ಲ ಅಂದ್ರ ಇವ್ರೆಲ್ಲ ಈ ಕಡಿ ತಲಿನಾ ಹಾಕಂಗಿಲ್ಲ. ಬೋರ್ಡು ನೋಡಿ ಸುಳ್ಳು ಹೇಳ್ತಾರ. ಸುಳ್ಳು ಹೇಳಿದ ನಾಚಿಕಿಗಿ ಒಂದು ಚಮಚನಾರ ಒಯ್ತಾರ. ನೀ ಸೌಟು ಒಯ್ಲಿಲ್ಲೇನು?"

"ಮತ್ತ ಹಸರ ಸೀರಿ?"

"ನೀ ಒಬ್ಬಾಕಿನಾ ಸುಳ್ಳು ಹೇಳಿದ್ರ ಚಂದ ಇರಂಗಿಲ್ಲಂತ ನಾನೂ ಒಂದು ಕೈ ಹಚ್ಚಿದೆ."

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದವರೊಬ್ಬರು ಬಂದು ಚೀಲದಿಂದ ಕರೆಂಟಿನ ಕೆಟಲ್ ತೆಗೆದಿಟ್ಟರು. "ನಿಮ್ಮಲ್ಲೇ ಒಯ್ದದ್ದುರೀ ಇದು."

ಆ ಅಂಗಡಿಯಲ್ಲಿ ಕರೆಂಟಿನ ಸಾಮಾನು ಎಂದೂ ಮಾರಿದ್ದಿಲ್ಲ. ಹಿರಿಯರು ಕೆಟಲನ್ನು ತಿರುಗಿಸಿ, ಗೆಣ್ಣಿನಿಂದ ಬಡಿದು, ಕಿವಿಗೊಟ್ಟರು.

"ಹೂಂ, ನೆನಪೈತಿ. ಯುಗಾದಿಗಿ ಒಯ್ದದ್ದು. ಅವತ್ತು ಈಕಿನೂ ಇಲ್ಲೇ ಇದ್ಲು. ಹೌದಲ್ಲ ತಂಗಿ?"

"ಹೌದ್ರಿ," ಎಂದೆ. "ಅವತ್ತು ಸಣ್ಣಗ ಮಳಿ ಬರ್ತಿತ್ತು."