ಬೇಷ್ ಗಿಟಾರಿನ ಎರಡನೇ ತಂತಿ

ಬೈಲಹೊಂಗಲದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಅದರ ಹಿಂದಿನ ಗೋಡೆಗೆ ಹೊಂದಿಕೊಂಡಂತೆ ಒಂದು ಕಲ್ಯಾಣ ಮಂಟಪ. ಮೊನ್ನೆ ಸಂಜೆ ಅಲ್ಲಿ ಯಾರದೋ ರಿಸೆಪ್ಶನ್ನು. ಸೌಂಡ್ ಬಾಕ್ಸು ಶುರುವಾದದ್ದೇ ತಡ, ನನ್ನ ಕಪಾಟಿನಲ್ಲಿದ್ದ ಔಷಧದ ಬಾಟಲಿಗಳು ಒಂದಕ್ಕೊಂದು ತಾಕಿ ಟಿಣಿಟಿಣಿ ಎನ್ನತೊಡಗಿದವು. ಹಾಡು ಯಾವುದೆಂದು ತಿಳಿಯಲಿಲ್ಲ. ಗೋಡೆ ದಾಟಿ ಬಂದದ್ದು ಅದರ ತಳದ ದನಿ ಮಾತ್ರ. ಹತ್ತಿಬೀಜ ಕೊಳ್ಳಲು ಸಂಗೊಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡು, "ಇದು ಹೊರಗ ಬಡ್ಯಾಕ ಹತ್ತೈತೋ, ನನ್ನ ಒಳಗ ಬಡ್ಯಾಕ ಹತ್ತೈತೋ, ಅಷ್ಟ ಹೇಳಿಬಿಡ್ರಿ. ಒಳಗಾದ್ರ ಬೀಜ ಬ್ಯಾಡ, ದವಾಖಾನಿಗೆ ಹೊಕ್ಕೇನಿ" ಎಂದರು. ಹೊರಗೇ ಎಂದು ಸಮಾಧಾನ ಹೇಳಿ ಬೀಜ ಕೊಟ್ಟು ಕಳಿಸಿದೆ. ಆದರೆ ನನ್ನ ಮನಸ್ಸು ಅಷ್ಟು ಹೊತ್ತಿಗೆ ಸವದತ್ತಿಯ ಈರಪ್ಪ ಕಾಕಾನ ಪಡಸಾಲೆ ಮುಟ್ಟಿತ್ತು.

ಈರಪ್ಪ ಕಾಕಾ ನನ್ನ ತಂದೆಯ ತಮ್ಮ. ಲೈನ್‌ಮನ್ ಆಗಿ ಸವದತ್ತಿ ಸೀಮೆಯ ಕಂಬಗಳನ್ನೆಲ್ಲ ಹತ್ತಿ ಇಳಿದು, ನಿವೃತ್ತಿಯಾದ ಮೇಲೆ ಅಲ್ಲೇ ಮನೆ ಕಟ್ಟಿಕೊಂಡು ನಿಂತವನು. ವಯಸ್ಸಾಗುತ್ತ ಅವನ ಕಿವಿ ಒಂದೊಂದೇ ದನಿಯನ್ನು ಕೈಬಿಡುತ್ತ ಬಂತು. ಮೊದಲು ಗುಬ್ಬಿಗಳು ಹೋದವು, ಆಮೇಲೆ ಫೋನಿನ ಗಂಟೆ, ಆಮೇಲೆ ಮೊಮ್ಮಕ್ಕಳು. ಎಲ್ಲಕ್ಕಿಂತ ಕೊನೆಗೆ ಅವನ ಹೆಂಡತಿ, ನಮ್ಮ ಚಿಗವ್ವನ ಮಾತು. ಮಕ್ಕಳು ಕಿವಿಗೆ ಮಷೀನು ಹಾಕಿಸಿದರು. "ಇದನ್ನ ಹಾಕ್ಕೊಂಡ್ರ ಮಿಕ್ಸರ್ ಕೇಳಸ್ತೈತಿ, ಮಿಕ್ಸರ್ ನಡಸಾಕಿ ಮಾತು ಕೇಳಸೂದಿಲ್ಲ" ಎಂದು ಅವನು ಅದನ್ನು ಸಾಬೂನಿನ ಡಬ್ಬಿಯಲ್ಲಿ ಹಾಕಿಟ್ಟುಬಿಟ್ಟ.

ನಮ್ಮ ಚಿಗವ್ವನದು ಮೊದಲಿನಿಂದಲೂ ಸಣ್ಣ ದನಿ. ಕೂಗಿ ಅಭ್ಯಾಸವಿಲ್ಲ. ಗಂಡನ ಸಲುವಾಗಿ ಕೂಗುವುದನ್ನು ಕಲಿತಳು. ಅವಳು ಅಡುಗೆಮನೆಯಿಂದ "ಪಲ್ಯಾ ಏನ್ ಮಾಡ್ಲಿ?" ಎಂದು ಕೂಗಿದರೆ ಕಾಕಾ ಸುಮ್ಮನೆ ಕೂತಿರುತ್ತಿದ್ದ, ಎದುರುಮನೆಯವರು "ಬದನಿಕಾಯಿ ಮಾಡ್ರಿ" ಎಂದು ಉತ್ತರ ಕೊಡುತ್ತಿದ್ದರು. ಓಣಿಗೆಲ್ಲ ಗೊತ್ತಾಗಬಾರದ ಮಾತುಗಳೂ ಮನೆಯಲ್ಲಿರುತ್ತವಲ್ಲ, ಅವನ್ನು ಅವಳು ಮೊದಲು ಬಿಟ್ಟಳು. ಕ್ರಮೇಣ ಉಳಿದವನ್ನೂ ಬಿಟ್ಟಳು. ಭುಜ ಅಲುಗಾಡಿಸಿದರೆ ಊಟ, ಮುಂದೆ ಬಂದು ಕಪ್ಪು ತೋರಿಸಿದರೆ ಚಹಾ. ಅಲ್ಲಿಗೆ ಅವರ ಸಂಸಾರದ ಮಾತುಕತೆ ಮುಗಿಯುತ್ತಿತ್ತು.

ಕಾಕಾನಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಭಜನೆಯಲ್ಲಿ. ಓಣಿಯ ಮಠದಲ್ಲಿ ಸೋಮವಾರ ಭಜನೆ; ತಾಳ ಅವನದು. ಕಿವಿ ಮಂದವಾದಂತೆ ಅವನ ತಾಳ ಹಾಡಿನ ಹಿಂದೆ ಹಿಂದೆ ಬೀಳತೊಡಗಿತು. ಹಾಡು ಮುಗಿದು ಎಲ್ಲರೂ ಕೈಮುಗಿಯುವಾಗ ಇವನದು ಇನ್ನೂ ಒಂದು ಪೆಟ್ಟು ಬಾಕಿ. ಮೇಳದ ಹಿರಿಯರು ಬಲು ನಯವಾಗಿ ತಾಳ ಇಸಿದುಕೊಂಡು, "ಈರಪ್ಪ, ಇನ್ಮ್ಯಾಲ ಪ್ರಸಾದ ಹಂಚೂ ಜವಾಬ್ದಾರಿ ನಿಂದು ನೋಡಪಾ" ಎಂದರು. ಬಡ್ತಿ ಕೊಟ್ಟಂತೆಯೇ ಹೇಳಿದರು. ಕಾಕಾನ ಕಿವಿ ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ಮುಂದಿನ ಸೋಮವಾರದಿಂದ ಅವನು ಮಠದ ಕಡೆ ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಹೀಗಿರುವಾಗ ಕಿತ್ತೂರಿನಲ್ಲಿ ನಮ್ಮ ಬಳಗದ್ದೊಂದು ಮದುವೆ. ಆರ್ಕೆಸ್ಟ್ರಾ ಕರೆಸಿದ್ದರು. ವೇದಿಕೆಯ ಪಕ್ಕದಲ್ಲಿ ಆಳೆತ್ತರದ ಸೌಂಡ್ ಬಾಕ್ಸು. ಅದರ ಮುಂದಿನ ಕುರ್ಚಿಗಳಿಂದ ಜನ ಎದ್ದು ಎದ್ದು ಓಡುತ್ತಿದ್ದರೆ ಕಾಕಾ ಒಬ್ಬನೇ ಬಾಕ್ಸಿಗೆ ಬೆನ್ನು ಹಚ್ಚಿ ಕೂತಿದ್ದ. ಎಬ್ಬಿಸೋಣವೆಂದು ಹೋದೆ. ಅವನು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ.

"ತಮ್ಮಾ, ಇಲ್ಲಿ ನೋಡ. ಕೇಳಸಾಕ ಹತ್ತೈತಿ! ಎಷ್ಟ ಚಂದ ನಡಕೋತ ಹೊಂಟೈತಿ... ಯಾವ ಬಾಜಾ ಅದು?"

ವೇದಿಕೆಯ ಮೂಲೆಯಲ್ಲಿ ಸಣಕಲ ಹುಡುಗನೊಬ್ಬ ಉದ್ದ ಕೊರಳಿನ ಗಿಟಾರು ಹಿಡಿದು, ನನಗೂ ಈ ಮದುವೆಗೂ ಸಂಬಂಧವಿಲ್ಲ ಎನ್ನುವಂತೆ ನಿಂತಿದ್ದ. ನಾನು ಕಾಕಾನ ಕಿವಿಗೆ ಬಾಯಿಟ್ಟು, "ಅದು ಬೇಸ್ ಗಿಟಾರ!" ಎಂದು ಕೂಗಿದೆ.

"ಬೇಷ್ ಗಿಟಾರ!" ಎಂದ ಕಾಕಾ. "ಬೇಷ್ ಬೇಷ್! ಸರಿಯಾದ ಹೆಸರ ಇಟ್ಟಾರ ನೋಡ."

ಅಂದಿನಿಂದ ನಮ್ಮ ಮನೆತನದಲ್ಲಿ ಅದರ ಹೆಸರು ಬೇಷ್ ಗಿಟಾರು. ತಿದ್ದುವುದಕ್ಕೆ ಯಾರೂ ಹೋಗಲಿಲ್ಲ. ತಿದ್ದಿದರೂ ಕೇಳಿಸುತ್ತಿರಲಿಲ್ಲ.

ಮುಂದಿನ ವಾರ ಅವನು ಬಸ್ಸು ಹಿಡಿದು ನನ್ನ ಅಂಗಡಿಗೇ ಬಂದ. ಬೇಷ್ ಗಿಟಾರು ಕೊಳ್ಳಬೇಕಂತೆ, ನಾನು ಆರಿಸಿಕೊಡಬೇಕಂತೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಕೆಲವು ತಿಂಗಳು ಗಿಟಾರ್ ಕ್ಲಾಸಿಗೆ ಹೋಗಿದ್ದೆ. ಒಂದೂವರೆ ಹಾಡು ಕಲಿತಿದ್ದೆ. ಉಳಿದ ಅರ್ಧ ಕಲಿಯುವ ಮೊದಲು ಬೆರಳಿಗೆ ಬೊಬ್ಬೆ ಬಂದು ಸಂಗೀತಕ್ಕೆ ನಮಸ್ಕಾರ ಹೇಳಿದೆ. ಆದರೆ ಗಿಟಾರು ತಬ್ಬಿಕೊಂಡು ತೆಗೆಸಿದ ಒಂದು ಫೋಟೋ ಇವತ್ತಿಗೂ ನಮ್ಮ ಗೋಡೆಯ ಮೇಲಿದೆ. ಅದನ್ನು ನೋಡಿಯೇ ನಮ್ಮ ಬಳಗ ನನ್ನನ್ನು ಪಂಡಿತನೆಂದು ನಂಬಿಬಿಟ್ಟಿತ್ತು. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ.

ಮೊಬೈಲಿನಲ್ಲಿ ನೋಡಿದರೆ ಬೇಸ್ ಗಿಟಾರಿನಲ್ಲಿ ನಾಲ್ಕು ತಂತಿಯದಿದೆ, ಐದರದಿದೆ, ಆರರದೂ ಇದೆ. ಭಾನುವಾರ ಕಾಕಾ, ಚಿಗವ್ವ ಇಬ್ಬರೂ ನಮ್ಮ ಮನೆಗೆ ಬಂದಾಗ ಊಟವಾದ ಮೇಲೆ ಈ ವಿಷಯ ಚರ್ಚೆಗೆ ಬಂತು. ಕಾಕಾನದು ನಾಲ್ಕರ ಪರ. "ಮೂರು ಫೇಜ್, ಒಂದು ನ್ಯೂಟ್ರಲ್. ನಾಕ ಸಾಕು" ಎಂದ. ನಮ್ಮವ್ವ ಕೆನ್ನೆ ಕೆನ್ನೆ ಬಡಿದುಕೊಂಡು, "ನಾಕ ಬ್ಯಾಡ, ನಾಕ ಮಂದಿ ಹೊರೂದು ನೆನಪಾಗತೈತಿ. ಐದ ತಗೋ, ಪಂಚಾಕ್ಷರಿ ಅಂತ ಬಾರಿಸಿದ್ರ ಪುಣ್ಯಾನಾದ್ರೂ ಬರತೈತಿ" ಎಂದಳು. ಅಪ್ಪ ಬಿಡಬೇಕಲ್ಲ, "ಹಂಗಂದ್ರ ಆರೇನ ಕಡಿಮಿ? ಷಟ್‌ಸ್ಥಲ ಇಲ್ಲೇನ?" ಎಂದ. ಹೀಗೇ ಬಿಟ್ಟರೆ ಮಾತು ಅಷ್ಟಾವರಣಕ್ಕೆ ಹೋಗಿ ಎಂಟು ತಂತಿ ಹಾಕಿಸಬೇಕಾದೀತೆಂದು ನನಗೆ ಹೆದರಿಕೆಯಾಯಿತು. ಚಿಗವ್ವನ ಅಭಿಪ್ರಾಯ ಕೇಳಿದೆ.

"ಒಂದೂ ಬ್ಯಾಡ" ಎಂದಳು ಅವಳು. "ಕಿವಿ ಇಲ್ಲದವರು ಬಾಜಾ ತರತಾರಂತ. ಓಣ್ಯಾಗ ತಲಿ ಎತ್ತಿ ತಿರಗ್ಯಾಡೂದು ಬ್ಯಾಡೇನ ನಾನು?"

ಅದೂ ಕಾಕಾನಿಗೆ ಕೇಳಿಸಲಿಲ್ಲ.

ಬೆಳಗಾವಿಯ ಒಂದು ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವನು ಚೊಕ್ಕ ಹುಡುಗ. ಹೊಸಬರಿಗೆ ನಾಲ್ಕು ತಂತಿಯೇ ಸರಿಯೆಂದು ಒಂದನ್ನು ಕಾಕಾನ ತೊಡೆಯ ಮೇಲಿಟ್ಟ. ಕಾಕಾ ಅದನ್ನು ಬಾರಿಸುವವರಂತೆ ಹಿಡಿಯಲೇ ಇಲ್ಲ. ಎತ್ತಿ ತಬ್ಬಿಕೊಂಡು, ಕಟ್ಟಿಗೆಗೆ ಗಲ್ಲ ಆನಿಸಿ, ಕಣ್ಣು ಮುಚ್ಚಿ, ಒಂದೊಂದೇ ತಂತಿ ಮೀಟಿ ನೋಡಿದ. ದಪ್ಪನೆಯದಕ್ಕೆ ಸ್ವಲ್ಪ ತಲೆಯಾಡಿಸಿದ. ಆಮೇಲೆ ಆರು ತಂತಿಯದು ಬಂತು. ಅದರ ಕೊನೆಯ ತೆಳು ತಂತಿಯನ್ನು ಮತ್ತೆ ಮತ್ತೆ ಮೀಟಿ, "ಇದು ಕೆಟ್ಟೈತಿ. ದನೀನ ಇಲ್ಲ" ಎಂದ.

ಹುಡುಗ ಗಾಬರಿಯಾಗಿ ಇಸಿದುಕೊಂಡು ಮೀಟಿದ. ಅಂಗಡಿ ತುಂಬ ದನಿ ತುಂಬಿತು. "ಛಲೋನ ಐತಲ್ರಿ ಅಜ್ಜಾರ!" ಎಂದ. ನಾನು ಅವನ ಕಡೆ ನೋಡಿ ನನ್ನ ಕಿವಿ ಮುಟ್ಟಿಕೊಂಡೆ. ಅವನು ಒಳಗೆ ಹೋಗಿ ಐದು ತಂತಿಯದೊಂದನ್ನು ತಂದು, ಸೌಂಡಿನ ಪೆಟ್ಟಿಗೆಗೆ ವಾಯರು ಜೋಡಿಸಿ, ಆ ಪೆಟ್ಟಿಗೆಯನ್ನೇ ಕಾಕಾನ ಬೆನ್ನಿಗೆ ತಾಕುವಂತೆ ಸರಿಸಿದ. ಎಲ್ಲಕ್ಕಿಂತ ದಪ್ಪ ತಂತಿಯನ್ನು ತಾನೇ ತೋರಿಸಿ, "ಇದನ್ನ ಬಾರಸ್ರಿ" ಎಂದು ಕೈಸನ್ನೆ ಮಾಡಿದ.

ಕಾಕಾ ಮೀಟಿದ. ಮೀಟಿದವನೇ ಕೂತಲ್ಲಿಂದ ಒಂದು ಗೇಣು ಮೇಲೆದ್ದ. "ಬಂತು!" ಎಂದ. ಲೈನು ಕೆಟ್ಟು ದಿನಗಟ್ಟಲೆ ಕತ್ತಲೆಯಲ್ಲಿದ್ದ ಊರಿಗೆ ಕರೆಂಟು ಬಿಟ್ಟಾಗ ಕಂಬದ ಮೇಲಿಂದ ಕೂಗುತ್ತಿದ್ದನಲ್ಲ, ಅದೇ ದನಿ. ಐದೂ ತಂತಿಯನ್ನು ಇಷ್ಟೇ ದಪ್ಪ ಹಾಕಿಕೊಡು ಎಂದು ಹುಡುಗನಿಗೆ ಗಂಟುಬಿದ್ದ. ಹಾಗೆ ಮಾಡಿದರೆ ಎಳೆತಕ್ಕೆ ಕೊರಳೇ ಬಾಗುತ್ತದೆಂದು ಹುಡುಗ ಕೈಯಿಂದ ಬಾಗಿಸಿ ತೋರಿಸಿದ ಮೇಲೆ, "ಹೌದೌದು, ಕಂಬ ವಾಲತೈತಿ" ಎಂದು ಒಪ್ಪಿದ. ಐದು ತಂತಿಯದೇ ಗಟ್ಟಿಯಾಯಿತು. ಅವ್ವ ಪಂಚಾಕ್ಷರಿ ಗೆದ್ದಿತೆಂದು ತಿಳಿದುಕೊಂಡಳು.

ಸವದತ್ತಿಯಲ್ಲಿ ಗಿಟಾರು ನಡುಮನೆಯ ಗೂಟಕ್ಕೆ ಏರಿತು. ಪೆಟ್ಟಿಗೆ ಪಡಸಾಲೆಯಲ್ಲಿ ಕಾಕಾನ ಮಂಚದ ಕಾಲಿಗೆ ಅಂಟಿ ಕೂತಿತು. ಎರಡರ ನಡುವಿನ ವಾಯರನ್ನು ಕಾಕಾ ಬಿಚ್ಚುತ್ತಲೇ ಇರಲಿಲ್ಲ, ಪೆಟ್ಟಿಗೆ ಹಗಲೆಲ್ಲ ಚಾಲೂ. ಕಟ್ಟಿಗೆಯ ಮಂಚ, ದನಿ ಕಾಲಿನಿಂದ ಏರಿ ಹಲಗೆಗೆ, ಹಲಗೆಯಿಂದ ಕಾಕಾನ ಬೆನ್ನಿಗೆ. ಮೊದಲ ದಿನ ಗೋಡೆಯ ಮಾಡದಲ್ಲಿದ್ದ ಗಿಂಡಿಗಳು ನಡೆದುಕೊಂಡು ಬಂದು ಕೆಳಗೆ ಬಿದ್ದವು. ಎದುರುಮನೆಯವರು ಬಾಗಿಲಿಗೆ ಬಂದು, "ಬೋರ್ ಹೊಡಸಾಕ ಹತ್ತೀರೇನ್ರಿ? ನೀರ ಬಿತ್ತೇನು?" ಎಂದು ಕೇಳಿದರು. ಚಿಗವ್ವ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಭಾನುವಾರ ಭಾನುವಾರ ನಾನು ಪಾಠ ಹೇಳಲು ಹೋಗುತ್ತಿದ್ದೆ. ಒಂದೂವರೆ ಹಾಡಿನ ಗುರು, ಕಿವಿಯಿಲ್ಲದ ಶಿಷ್ಯ. ಜೋಡಿ ಚೆನ್ನಾಗಿತ್ತು. ಎರಡನೇ ಭಾನುವಾರ ಹೋದಾಗ ಗಿಟಾರಿನಲ್ಲಿ ನಾಲ್ಕೇ ತಂತಿ ಇದ್ದವು. ಆಮೇಲಿನ ಸಲ ಮೂರು. "ಸತ್ತ ಲೈನ್ ಯಾಕ ಇಟ್ಕೋಬೇಕು?" ಎಂದ ಕಾಕಾ. ತನಗೆ ಕೇಳಿಸದ ತೆಳು ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಅಚ್ಚುಕಟ್ಟಾಗಿ ಸುತ್ತಿಡುತ್ತಿದ್ದ. ಚಿಗವ್ವ ಅವುಗಳಿಂದ ಹಿತ್ತಲಿನಲ್ಲಿ ಹೀರೇಬಳ್ಳಿಗೆ ಹಂದರ ಬಿಗಿದಿದ್ದಳು. ಕೊನೆಗೆ ಉಳಿದವು ಎರಡು, ಎಲ್ಲಕ್ಕಿಂತ ದಪ್ಪನೆಯದು ಮತ್ತು ಅದರ ಪಕ್ಕದ್ದು.

ಆ ಭಾನುವಾರ ಕಾಕಾ ಇಕ್ಕಳ ಹಿಡಿದು ಕೂತಿದ್ದ. "ತಮ್ಮಾ, ಇದೂ ಬ್ಯಾಡ ತಗೋ. ಕೇಳಸ್ತೈತಿ, ಆದ್ರ ದಪ್ಪಂದರ ಮುಂದ ಇದು ಏನೂ ಅಲ್ಲ. ಒಂದ ಸಾಕು" ಎಂದು ಎರಡನೇ ತಂತಿಗೆ ಇಕ್ಕಳ ಹಚ್ಚಿದ.

ಅಡುಗೆಮನೆಯಿಂದ ಚಿಗವ್ವ ಓಡಿ ಬಂದಳು. ರೊಟ್ಟಿ ಬಡಿಯುತ್ತಿದ್ದ ಕೈ, ಮೊಣಕೈತನಕ ಹಿಟ್ಟು. ಅದೇ ಕೈಯಿಂದ ಇಕ್ಕಳ ಹಿಡಿದುಕೊಂಡಳು.

"ಅದನ್ನ ಮುಟ್ಟಬ್ಯಾಡ್ರಿ! ಅದು ನಂದು!"

ಒಂದೂ ತಂತಿ ಬೇಡವೆಂದವಳು ಇವಳೇ. ಏನೆಂದು ಕೇಳಿದರೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, ಹಿಟ್ಟು ಮುಖಕ್ಕೆ ಹಚ್ಚಿಕೊಳ್ಳುತ್ತ, ಹೇಳಿದಳು. ಒಂದು ಮಧ್ಯಾಹ್ನ ನಡುಮನೆ ಕಸ ಹೊಡೆಯುವಾಗ ಕೈ ತಾಕಿ ಆ ತಂತಿ ಮಿಡಿಯಿತಂತೆ. ಪಡಸಾಲೆಯಲ್ಲಿ ಮಲಗಿದ್ದ ಕಾಕಾ ಕಣ್ಣು ಬಿಟ್ಟು, ಅವಳ ಕಡೆ ತಿರುಗಿ, "ಏನ?" ಎಂದನಂತೆ. ಅಷ್ಟೇ. ಎಷ್ಟೋ ವರ್ಷಗಳ ಮೇಲೆ ದೂರದಿಂದ ಕರೆದರೆ ಓ ಎಂದಿದ್ದ. ಅವತ್ತಿನಿಂದ ಅವಳು ಒಂದು ಸಲ ಮೀಟಿದರೆ ಚಹಾ, ಎರಡು ಸಲ ಮೀಟಿದರೆ ಊಟ. ಕಾಕಾ ಎದ್ದು ಬರುತ್ತಿದ್ದ. ಹಸಿವಾಗಿ ತಾನೇ ಎದ್ದು ಬರುತ್ತಿದ್ದೇನೆಂದು ಅವನ ತಿಳಿವಳಿಕೆ.

"ಹಂಗಾದ್ರ ದಪ್ಪ ತಂತೀನ ಬಾರಸಬಹುದಲ್ಲ ಚಿಗವ್ವ?" ಎಂದೆ.

"ದಪ್ಪಂದು ಅವರದು. ಅದು ಬಡದ್ರ ಬೆನ್ನಿಗೆ ಗುದ್ದಿದಂಗ ಆಗತೈತಂತ. ನಾ ಯಾವತ್ತರೆ ಅವರಿಗೆ ಗುದ್ದೀನೇನು? ಇದು ಮೆತ್ತಗ ಐತಿ. ನನ್ನ ದನಿ ಹಿಂಗ ಇತ್ತು."

ಕಾಕಾ ನಮ್ಮಿಬ್ಬರ ಬಾಯಿ ನೋಡುತ್ತ, "ಏನಂತಾಳಾಕಿ?" ಎಂದ. ನಾನು ಅವನ ಕಿವಿಗೆ ಬಾಯಿಟ್ಟು ಶಕ್ತಿಯಿದ್ದಷ್ಟು ಕೂಗಿದೆ: "ಎರಡನೇ ತಂತಿ ಚಿಗವ್ವಂದಂತ! ಅದು ಆಕಿ ದನಿಯಂತ!"

"ಗೊತ್ತಾತ್ರೀ!" ಎಂದು ಎದುರುಮನೆಯಿಂದ ಉತ್ತರ ಬಂತು.

ಕಾಕಾ ಹೆಂಡತಿಯ ಕಡೆ ತಿರುಗಿದ. ಇಕ್ಕಳ ಕೆಳಗಿಟ್ಟ. "ಮೊದಲ ಹೇಳಬಾರದೇನ?" ಎಂದ.

"ದಿನಾ ಹೇಳೀನಲ್ರಿ" ಎಂದಳು ಚಿಗವ್ವ. ಅದು ಅವನಿಗೆ ಕೇಳಿಸಲಿಲ್ಲ. ಆದರೂ ತಲೆಯಾಡಿಸಿದ.

ಹೀಗೆ ತಂತಿಗಳ ಲೆಕ್ಕ ಎರಡಕ್ಕೆ ನಿಂತಿತು. ಆ ಶ್ರಾವಣದಲ್ಲಿ ಕಾಕಾ ಗಿಟಾರು, ಪೆಟ್ಟಿಗೆ ಎರಡನ್ನೂ ಹೊರಿಸಿಕೊಂಡು ಮಠಕ್ಕೆ ಹೋದ. ಹಾರ್ಮೋನಿಯಮ್ಮಿನವರು ದಪ್ಪ ತಂತಿಯನ್ನು ತಮ್ಮ ಸ್ವರಕ್ಕೆ ಕೂಡಿಸಿಕೊಟ್ಟರು. ಕಾಕಾ ತಬಲಾದವನ ಕೈ ನೋಡುತ್ತ ದುಂ ಎನ್ನಿಸುತ್ತಾನೆ. ಅವನ ಪೆಟ್ಟು ಈಗಲೂ ತುಸು ಹಿಂದೆಯೇ ಬೀಳುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಪೆಟ್ಟಿಗೆಯ ದನಿ ಎಷ್ಟು ದೊಡ್ಡದೆಂದರೆ ಇಡೀ ಮೇಳವೇ ಅವನಿಗಾಗಿ ತುಸು ಹಿಂದೆ ಸರಿದು ಹಾಡುತ್ತದೆ. ಆ ಓಣಿಯ ಭಜನೆ ಈಗ ಬಹಳ ಗಂಭೀರವಾಗಿದೆ ಎಂದು ಪಕ್ಕದ ಉಗರಗೋಳದ ಕಡೆಯವರು ಹೊಗಳಿದರಂತೆ.

ರಿಸೆಪ್ಶನ್ನಿನ ಮರುದಿನ ಭಾನುವಾರವೇ ಇತ್ತು. ಈ ನೆನಪುಗಳೆಲ್ಲ ಎದ್ದು ಕೂತ ಮೇಲೆ ಅಂಗಡಿಯಲ್ಲಿ ಮನಸ್ಸು ನಿಲ್ಲದೆ ನಾನು ಸವದತ್ತಿಗೆ ಹೋದೆ. ಹೋಗುವಷ್ಟರಲ್ಲಿ ಮನೆಯಲ್ಲಿ ಏನೋ ಜಗಳ ಆಗಿತ್ತು. ಹಿತ್ತಲಿನ ನುಗ್ಗೆಗಿಡ ಕಡಿಯಬೇಕೆಂದು ಇವನು, ಕೈ ಅಡ್ಡಾಡಿಸಿ ಕೂಡದೆಂದು ಅವಳು. ಕಾಕಾ ಮುಖ ಗಂಟಿಕ್ಕಿಕೊಂಡು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಚಿಗವ್ವ ನನಗೆ ನೀರು ಕೊಟ್ಟು, ತಾಟು ಹಾಕಿ, ಗೂಟದ ಕಡೆ ಹೋಗಿ ಎರಡು ಸಲ ಮೀಟಿದಳು. ಕಾಕಾ ಏಳಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಮೀಟಿದಳು. ಮಂಚ ಅದುರಿದ್ದು ನನ್ನ ಪಾದಕ್ಕೂ ತಿಳಿಯಿತು. ಕಾಕಾ ಮಿಸುಕಲಿಲ್ಲ.

ಈಗ ಇದೂ ಹೋಯಿತೇ? ಚಿಗವ್ವನ ಮುಖ ನೋಡುವ ಧೈರ್ಯವಾಗದೆ ಮೆಲ್ಲಗೆ ಅವಳ ಕಡೆ ತಿರುಗಿದೆ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಅಲ್ಲೆ ನೋಡ, ಕಾಲ ಬೆರಳ ಅಳ್ಳಾಡಿಸ್ಯಾರ. ಕೇಳಸೈತಿ. ಕೇಳಸಿದ್ರೂ ಕೇಳಸದಂಗ ಬಿದ್ದಾರ" ಎಂದಳು, ಊರಿಗೆಲ್ಲ ಸಕ್ಕರೆ ಹಂಚುವ ಸುದ್ದಿ ಹೇಳುವವಳ ಹಾಗೆ. "ಎಷ್ಟ ವರ್ಷ ಆಗಿತ್ತೋ ತಮ್ಮಾ, ನನ್ನ ಮಾತಿಗೆ ಇವರು ಹಿಂಗ ಸಿಟ್ಟ ಮಾಡಿ!"